ಸೇಬು ಕೊಯ್ಯುವಷ್ಟು ಚಾಕು

ನನ್ನ ಕೈಚೀಲದಲ್ಲಿ ಸದಾ ಒಂದು ಚಾಕು ಇರುತ್ತದೆ. ಮೊನ್ನೆ ಲಿಫ್ಟಿನಲ್ಲಿ ಚೀಲದ ಜಿಪ್ಪು ಬಿಟ್ಟುಕೊಂಡು ಅದರ ಹಿಡಿ ಹೊರಗೆ ಇಣುಕಿದ್ದನ್ನು ಪಕ್ಕದ ಫ್ಲ್ಯಾಟಿನಾಕೆ ನೋಡಿಬಿಟ್ಟರು. ಬೀದಿನಾಯಿ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುವ ಹೆಂಗಸು ನಾನು. ಅಂಥವಳ ಚೀಲದಲ್ಲಿ ಇಂಥದ್ದು ಕಂಡು ಆಕೆಗೆ ನನ್ನ ಮೇಲೆ ಒಮ್ಮೆಲೇ ಗೌರವ ಹುಟ್ಟಿತು. ಈ ಊರಿನಲ್ಲಿ ಇಟ್ಟುಕೊಂಡಿರಬೇಕು ಆಂಟಿ, ಬಹಳ ಒಳ್ಳೆಯ ಕೆಲಸ ಮಾಡಿದಿರಿ ಎಂದರು. ನಾನು ಅವರಿಗೆ ನಿರಾಸೆ ಮಾಡಲು ಹೋಗಲಿಲ್ಲ. ನನ್ನ ಚಾಕು ಇರುವುದು ಸೇಬು ಕೊಯ್ಯುವುದಕ್ಕೆ.

ನನಗೆ ಚಾಕು ಹಿಡಿಯಲೂ ಸರಿಯಾಗಿ ಬರುವುದಿಲ್ಲ, ಅದು ಬೇರೆ ಮಾತು. ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಇದ್ದದ್ದು ಈಳಿಗೆಮಣೆ. ಮಣೆಯ ಮೇಲೆ ಬಲಗಾಲು ಮಡಿಚಿ ಕೂತು, ಕುಂಬಳಕಾಯಿಯನ್ನೋ ಹುರುಳಿಕಾಯಿಯನ್ನೋ ಎರಡು ಕೈಯಲ್ಲಿ ಹಿಡಿದು ಅಲಗಿಗೆ ಒತ್ತಬೇಕು. ಅಲಗು ಅಲ್ಲಾಡುವುದಿಲ್ಲ, ಕಾಯೇ ಅದರ ಹತ್ತಿರ ಹೋಗಬೇಕು. ನಮ್ಮಮ್ಮ ಮಾತಾಡುತ್ತಾ, ಬಾಗಿಲಾಚೆ ಯಾರು ಹೋದರೆಂದು ಕತ್ತು ಚಾಚಿ ನೋಡುತ್ತಾ, ಸೊಪ್ಪನ್ನು ದಾರದಷ್ಟು ಸಣ್ಣಗೆ ಹೆಚ್ಚುತ್ತಿದ್ದಳು. ಮದುವೆಯಾಗಿ ದಿಲ್ಲಿಗೆ ಬಂದ ಮೇಲೆ ನಿಂತು ಅಡುಗೆ ಮಾಡುವ ಕಟ್ಟೆಯ ಮುಂದೆ ನಾನು ಚಾಕು ಹಿಡಿದರೆ ಅದು ನನ್ನ ಕೈಯಲ್ಲಿ ದಿಕ್ಕು ತಪ್ಪಿದ ಮಗುವಿನ ಹಾಗೆ ಓಡಾಡುತ್ತಿತ್ತು. ಈಗಲೂ ರೋಹಿಣಿ ಬಡಾವಣೆಯ ನಮ್ಮ ನಾಲ್ಕನೇ ಮಹಡಿಯ ಮನೆಯಲ್ಲಿ ನೆಲಕ್ಕೆ ಕೂತು ಈಳಿಗೆಯಲ್ಲೇ ಹೆಚ್ಚುತ್ತೇನೆ. ಆದರೆ ಈಳಿಗೆಮಣೆಯನ್ನು ಹೊತ್ತುಕೊಂಡು ಮೆಟ್ರೊ ಹತ್ತಲು ಆಗುತ್ತದೆಯೇ?

ನಮ್ಮವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ರೋಹಿಣಿಯಿಂದ ಮೆಟ್ರೊ ಹಿಡಿದು, ನಡುವೆ ಒಮ್ಮೆ ಗಾಡಿ ಬದಲಿಸಿ ಆಸ್ಪತ್ರೆ ಮುಟ್ಟಲು ಒಂದೂವರೆ ಗಂಟೆ. ಅಲ್ಲಿ ಯಂತ್ರದ ಪಕ್ಕ ನಾಲ್ಕು ಗಂಟೆ. ಮತ್ತೆ ವಾಪಸ್ಸು. ಇವರು ತಿನ್ನುವ ಪದಾರ್ಥಗಳ ಪಟ್ಟಿಯಲ್ಲಿ ಬೇಡ ಎನ್ನುವುದೇ ಹೆಚ್ಚು. ಬಾಳೆಹಣ್ಣು ಬೇಡ, ಕಿತ್ತಳೆ ಬೇಡ, ಎಳನೀರಿನ ಹೆಸರನ್ನೂ ಎತ್ತಬೇಡ. ಸೇಬು ಒಂದು ಆಗಬಹುದು, ಸಿಪ್ಪೆ ತೆಗೆದು. ದೇವರು ಇದೊಂದನ್ನಾದರೂ ಉಳಿಸಿದನಲ್ಲ ಎಂದು ನಾನು ಕೈ ಮುಗಿದೆ. ಮನೆಯಲ್ಲೇ ಕೊಯ್ದು ಡಬ್ಬಿಗೆ ಹಾಕಿಕೊಂಡು ಹೋದರೆ ಹೋಳು ಕಂದುಬಣ್ಣಕ್ಕೆ ತಿರುಗುತ್ತದೆ. ಅದನ್ನು ಇವರು ಮುಟ್ಟುವುದಿಲ್ಲ, ಹಳೆ ಸ್ಟಾಕ್ ಎನ್ನುತ್ತಾರೆ. ಉಪ್ಪುನೀರಿನಲ್ಲಿ ಅದ್ದಿಡಿ ಎಂದು ಯಾರೋ ಹೇಳಿದರು, ಇವರಿಗೆ ಉಪ್ಪೇ ವಿಷ. ನಿಂಬೆರಸ ಸವರಿ ಒಯ್ದರೆ, ಈ ಸೇಬಿಗೆ ಜ್ವರ ಬಂದಿದೆ ಎಂದರು. ಹಾಗಾಗಿ ಇವರ ಕಣ್ಣೆದುರಿಗೇ ಕೊಯ್ದು ಕೊಡಬೇಕು, ಅದಕ್ಕೊಂದು ಚಾಕು ಬೇಕು. ಚೀಲದಲ್ಲಿ ಹಿಡಿಸಬೇಕು, ನನ್ನ ಕೈಗೂ ಒಗ್ಗಬೇಕು.

ಮೊದಲು ತಂದದ್ದು ಮಡಚುವ ಚಾಕು, ನಮ್ಮ ಸೆಕ್ಟರಿನ ಸಂತೆಯಲ್ಲಿ ಚಾಪೆ ಹಾಸಿ ಮಾರುತ್ತಿದ್ದವನಿಂದ. ಮಡಚಿದರೆ ನನ್ನ ಬೆರಳುದ್ದ, ನೋಡಲು ಮುದ್ದಾಗಿತ್ತು. ಆಸ್ಪತ್ರೆಯಲ್ಲಿ ತೆಗೆದರೆ ಬಿಚ್ಚಿಕೊಳ್ಳಲೇ ಇಲ್ಲ. ನನ್ನ ಬಲಗೈ ಹೆಬ್ಬೆರಳಿನ ಗಿಣ್ಣು ಮೂರು ವರ್ಷದಿಂದ ಊದಿಕೊಂಡಿದೆ, ಅದರಲ್ಲಿ ಉಗುರು ಸಿಕ್ಕಿಸಿ ಎಳೆಯುವ ಶಕ್ತಿ ಇಲ್ಲ. ಪಕ್ಕದ ಹಾಸಿಗೆಯವರ ಹೆಂಡತಿಯನ್ನು ಕೇಳಿ ಬಿಚ್ಚಿಸಿಕೊಂಡೆ. ಮಡಚುವಾಗ ಮತ್ತೆ ಅವರನ್ನೇ ಕರೆದೆ. ಎಲ್ಲವನ್ನೂ ನೋಡುತ್ತಿದ್ದ ನಮ್ಮವರು ಸೂಜಿ ಚುಚ್ಚದ ಕೈಯನ್ನು ಚಾಚಿದರು.

"ಕೊಡಿಲ್ಲಿ."

ನಾನು ಹಾಸಿಗೆಯ ಮೇಲೆ ಇಟ್ಟೆ. ನಮ್ಮ ಕಡೆ ಚಾಕು, ಉಪ್ಪು, ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆ. ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇವರು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅಲಗಿನ ಬುಡವನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿದರು.

"ಇದಕ್ಕೆ ಸೊಂಟ ಇದೆ ನೋಡು. ಸೊಂಟ ಇರೋದಕ್ಕೆಲ್ಲ ಒಂದಲ್ಲ ಒಂದಿನ ಸೊಂಟ ನೋವು ಬರುತ್ತೆ. ಸೇಬಿನ ರಸ ಎಲ್ಲ ಇದರೊಳಗೆ ಇಳಿದು ನಾರುತ್ತೆ. ಮಡಚದೇ ಇರೋದು ತಗೋ, ಚಿಕ್ಕದು, ಒರೆ ಇರೋದು. ಇದು ರಿಜೆಕ್ಟ್."

ನನಗೆ ಕಣ್ಣಲ್ಲಿ ನೀರು ಬಂತು. ಬೈದದ್ದಕ್ಕಲ್ಲ. ಎರಡು ತಿಂಗಳಲ್ಲಿ ಇವರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು.

ಇಲ್ಲಿ ಸ್ವಲ್ಪ ಇವರ ವಿಷಯ ಹೇಳಬೇಕು. ಸೋಮವಾರಪೇಟೆ ಕಡೆಯವರು, ಸೈನ್ಯದಲ್ಲಿದ್ದರು ಎಂದರೆ ಜನ ಕೂಡಲೇ ಬಂದೂಕು, ಗಡಿ, ಹಿಮ ಎಂದೆಲ್ಲ ನೆನೆಸಿಕೊಳ್ಳುತ್ತಾರೆ. ಇವರು ಇದ್ದದ್ದು ಸ್ಟೋರಿನಲ್ಲಿ. ಬೂಟು, ಕಂಬಳಿ, ಕುಕ್ಕರು, ಗುದ್ದಲಿ, ಬಂದದ್ದನ್ನೆಲ್ಲ ಎಣಿಸಿ, ತಿರುಗಿಸಿ, ತಟ್ಟಿ ನೋಡಿ, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್. ನಿವೃತ್ತಿಯಾದ ಮೇಲೂ ಆ ಕಣ್ಣು ನಿವೃತ್ತಿಯಾಗಲಿಲ್ಲ. ಬದನೆಕಾಯಿ, ಮಗಳ ಸ್ಕೂಲ್ ಶೂ, ದೇವರ ಮನೆಗೆ ತಂದ ಊದುಬತ್ತಿ ಎಲ್ಲಕ್ಕೂ ತಪಾಸಣೆ. ನನ್ನನ್ನು ನೋಡಲು ಬಂದ ದಿನ ಕಾಫಿ ಕುಡಿದು ಲೋಟವನ್ನು ತಲೆಕೆಳಗು ಮಾಡಿ ಅದರ ತಳ ನೋಡಿದ್ದರು. ತಳಕ್ಕೆ ಬೆಸುಗೆ ಹಾಕಿಸಿದ ಗುರುತಿತ್ತು. ಸಂಬಂಧ ತಪ್ಪಿಹೋಯಿತು ಎಂದೇ ನಮ್ಮಪ್ಪ ತಿಳಿದಿದ್ದರು. ಮದುವೆಯಾದ ಮೇಲೆ ಇವರೇ ಹೇಳಿದರು: ಲೋಟ ರಿಜೆಕ್ಟ್ ಆಗಿತ್ತು, ಹುಡುಗಿ ಪಾಸಾಗಿದ್ದಳು.

ಅಂಥ ಮನುಷ್ಯ ಕಾಯಿಲೆ ಬಿದ್ದ ಮೇಲೆ ಯಾವುದನ್ನೂ ನೋಡುವುದನ್ನು ಬಿಟ್ಟರು. ಪೇಪರು ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ಸಾರಿಗೆ ಹುಳಿ ಹೆಚ್ಚಾದರೂ ಮಾತಿಲ್ಲ, ಹುಣಸೆಹಣ್ಣು ಹಾಕುವುದನ್ನೇ ಮರೆತರೂ ಮಾತಿಲ್ಲ. ನಲವತ್ತು ವರ್ಷ ಇವರ ತಪಾಸಣೆಯಿಂದ ಬೇಸತ್ತು, ದೇವರೇ ಇವರ ಬಾಯಿಗೆ ಒಂದು ದಿನ ಬೀಗ ಹಾಕು ಎಂದು ಬೇಡಿಕೊಂಡವಳು ನಾನೇ. ಹಾಗೆಲ್ಲ ಬೇಡಿಕೊಳ್ಳಬಾರದು.

ಆದ್ದರಿಂದ ಅವತ್ತು ಸಂಜೆ ದೀಪ ಹಚ್ಚುವಾಗ ನಂಜುಂಡೇಶ್ವರನಿಗೆ ಚಾಕುವಿನ ವಿಷಯವನ್ನೇ ಹೇಳಿದೆ. ದಿನಾ ಸಂಜೆ ಅವನು ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸಿ ಹೇಳುವುದು ನನ್ನ ಅಭ್ಯಾಸ. ಇವತ್ತು ಮೆಟ್ರೊದಲ್ಲಿ ಇವರಿಗೆ ಸೀಟು ಸಿಕ್ಕಿತು. ಸೂಜಿ ಮೊದಲನೇ ಸಲಕ್ಕೇ ಹೋಯಿತು. ಕಾಲಿನ ಊತ ಅರ್ಧ ಬೆರಳು ಇಳಿದಿದೆ. ವಿಷ ನುಂಗಿ ಗಂಟಲಲ್ಲಿ ನಿಲ್ಲಿಸಿಕೊಂಡವನು ಅವನು, ರಕ್ತದಲ್ಲಿ ವಿಷ ನಿಂತವರ ಪಾಡು ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಆ ದಿನ ಒಂದು ಬೆರಳು ಹೆಚ್ಚಿಗೆ ಮಡಚಿದೆ. ಇವರು ರಿಜೆಕ್ಟ್ ಎಂದರು.

ಎರಡನೆಯದನ್ನು ಸರೋಜಿನಿ ನಗರದಲ್ಲಿ ಹುಡುಕಿದೆ. ಬಟ್ಟೆಗೆ ಹೆಸರಾದ ಆ ಮಾರ್ಕೆಟ್ಟಿನ ಒಂದು ಮೂಲೆಯಲ್ಲಿ ಪಾತ್ರೆ ಅಂಗಡಿ ಇದೆ. ಅಂಗಡಿಯ ಭಯ್ಯಾ ಗಾಜಿನ ಕಪಾಟಿನಿಂದ ಹತ್ತಾರು ತೆಗೆದು ಹರವಿ, ಮಾತಾಜಿ, ಏನು ಕೊಯ್ಯಬೇಕು ಎಂದು ಕೇಳಿದ. ಸೇಬು ಎಂದೆ. ಬರೀ ಸೇಬಾ ಎಂದ, ನನ್ನಿಂದ ಇನ್ನೇನೋ ದೊಡ್ಡದನ್ನು ನಿರೀಕ್ಷಿಸಿದ್ದವನಂತೆ. ಕೆಂಪು ಹಿಡಿಯ ಒಂದನ್ನು ಕೊಂಡೆ. ಇವರು ಅದರ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿದರು, ಬಾಗಿತು. ಅಲಗು ಹಿಡಿಯ ಒಳಗೆ ಕೊನೆಯವರೆಗೂ ಹೋಗಿರಬೇಕು, ಇದರಲ್ಲಿ ಬಾಗಿಲ ತನಕ ಬಂದ ನೆಂಟನ ಹಾಗೆ ಅಲ್ಲೇ ನಿಂತಿದೆ ಎಂದರು. ಒಂದಿನ ಹಿಡಿ ನಿನ್ನ ಕೈಯಲ್ಲಿ, ಅಲಗು ಸೇಬಿನಲ್ಲಿ. ಆದರೂ ಬೇರೆ ಸಿಗುವ ತನಕ ಅದರಲ್ಲೇ ಕೊಯ್ಯುತ್ತಿದ್ದೆ.

ಮೂರನೆಯದು ಮಗಳು ವೀಣಾ ತರಿಸಿದ್ದು. ಗುರುಗ್ರಾಮದ ಆಫೀಸಿನಲ್ಲಿ ಕೆಲಸ, ಮುನಿರ್ಕಾದಲ್ಲಿ ಗೆಳತಿಯ ಜೊತೆ ಮನೆ ಮಾಡಿದ್ದಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ಮೂರು ಭಾಷೆಯೂ ಒಟ್ಟಿಗೆ ಹೊರಬರುತ್ತವೆ. "ಅಮ್ಮ, ಟೆನ್ಷನ್ ಮತ್ ಲೋ, ಆನ್‌ಲೈನ್ ಬೆಸ್ಟ್ ರೇಟಿಂಗ್ ಇರೋದು ಮಂಗಾಯಾ ಹೈ," ಎಂದು ಫೋನು ಮಾಡಿದಳು. ಬಂದದ್ದು ಪೂರ್ತಿ ಕಪ್ಪು, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಗೆ ಹಗ್ಗ ಸುತ್ತಿದೆ, ಒರೆಯಲ್ಲಿ ಬೆಂಕಿ ಹಚ್ಚುವ ಕಡ್ಡಿ. ಡಬ್ಬದ ಮೇಲಿನ ಚಿತ್ರದಲ್ಲಿ ಒಬ್ಬ ಗಡ್ಡದವನು ಕಾಡಿನಲ್ಲಿ ನಿಂತಿದ್ದ. ನಮ್ಮವರು ಆ ಚಿತ್ರವನ್ನೂ ನನ್ನನ್ನೂ ಒಂದೆರಡು ಸಲ ಬದಲಿಸಿ ಬದಲಿಸಿ ನೋಡಿದರು. "ಸೇಬನ್ನ ಮೊದಲು ಕಾಡಿಗೆ ಓಡಿಸಿ ಆಮೇಲೆ ಹಿಡೀತೀಯಾ?" ಎಂದರು. ವೀಣಾಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು, ಪಪ್ಪ ಸಚ್ ಮೇ ಹೀಗಂದ್ರಾ ಎಂದು ಕೇಳಿ, ಅತ್ತಳು.

ಆ ನಡುವೆ ಆಯುಧಪೂಜೆ ಬಂತು. ಈಳಿಗೆಮಣೆ, ಕುಕ್ಕರು, ಮಿಕ್ಸಿ, ಇವರ ರಕ್ತದೊತ್ತಡ ನೋಡುವ ಯಂತ್ರ, ಸರೋಜಿನಿ ನಗರದ ಕೆಂಪು ಹಿಡಿಯ ಚಾಕು ಎಲ್ಲವನ್ನೂ ತೊಳೆದು ಸಾಲಾಗಿಟ್ಟು ಕುಂಕುಮ ಹಚ್ಚಿದೆ. ಪೂಜೆ ಮಾಡಿದ ಕುಂಕುಮವನ್ನು ನಾವು ಒರೆಸುವುದಿಲ್ಲ, ಅದು ತಾನಾಗಿ ಹೋಗಬೇಕು. ಹಾಗೇ ಚಾಕುವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೊಗೆ ಹೊರಟೆ. ಇಷ್ಟು ದಿನ ಚೀಲ ತಪಾಸಣೆಯ ಯಂತ್ರದಿಂದ ಹೊರಬಂದಾಗ ನನ್ನ ಮುಖ, ಸೇಬು, ಆಸ್ಪತ್ರೆಯ ಫೈಲು ನೋಡಿ ಕಳಿಸುತ್ತಿದ್ದರು. ಅವತ್ತು ಇದ್ದದ್ದು ಹೊಸ ಹುಡುಗಿ. ಚಾಕು ತೆಗೆದು ತೋರಿಸಿ ಎಂದಳು. ತೆಗೆದರೆ ಅಲಗಿನ ತುಂಬಾ ಒಣಗಿದ ಕೆಂಪು. ಹುಡುಗಿಯ ಮುಖ ಬಿಳಿಚಿಕೊಂಡಿತು. ಕೊಡಿ ಎಂದು ಕೈ ಚಾಚಿದಳು. ನಾನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟೆ. ಕೈಯಲ್ಲಿ ಕೊಡಿ ಎಂದು ಗದರಿದಳು. ಕೊಡಬಾರದಮ್ಮಾ, ನಿನಗೂ ನನಗೂ ಜಗಳ ಬರುತ್ತೆ ಎಂದು ನನ್ನ ಹಿಂದಿಯಲ್ಲಿ ಹೇಳಿದೆ. ಆ ಹಿಂದಿಯಲ್ಲಿ ಅದು ಅವಳಿಗೆ ಬೆದರಿಕೆಯಂತೆ ಕೇಳಿಸಿರಬೇಕು. ಮೇಲಿನವರನ್ನು ಕರೆಯಲು ಹೊರಟಳು, ನನ್ನ ಹಿಂದಿನ ಸಾಲು ಗೊಣಗತೊಡಗಿತು.

ಗಂಡಸರ ಸಾಲಿನಿಂದ ಮೊದಲೇ ಆಚೆ ಹೋಗಿ ಕಂಬಕ್ಕೆ ಒರಗಿ ನಿಂತಿದ್ದ ನಮ್ಮವರು ನಿಧಾನವಾಗಿ ಹತ್ತಿರ ಬಂದರು. ತಮ್ಮ ಹಳೆಯ ಸೈನ್ಯದ ಹಿಂದಿಯಲ್ಲಿ, ಮೇಡಂ, ಅದು ರಕ್ತವಲ್ಲ, ಪೂಜೆಯ ಕುಂಕುಮ, ಮೂಸಿ ನೋಡಿ ಎಂದರು. ಆಮೇಲೆ, ಈ ಚಾಕು ಒಂದು ಟೊಮೆಟೊವನ್ನಾದರೂ ಕೊಲ್ಲಬಲ್ಲದಾದರೆ ನಾನು ನಿಮಗೆ ಇಲ್ಲೇ ಸಲ್ಯೂಟ್ ಹೊಡೆಯುತ್ತೇನೆ, ಇದನ್ನು ನಾನು ಎಂದೋ ರಿಜೆಕ್ಟ್ ಮಾಡಿದ್ದೇನೆ ಎಂದರು. ಹುಡುಗಿ ಮೂಸಿ ನೋಡಿ ನಕ್ಕಳು. ನಮ್ಮ ಊರಲ್ಲಿ ಅಜ್ಜಿ ಕುಡುಗೋಲಿಗೆ ಹೀಗೇ ತಿಲಕ ಇಡುತ್ತಾಳೆ, ಆದರೆ ಅಜ್ಜಿ ಅದನ್ನು ತಗೊಂಡು ಮೆಟ್ರೊ ಹತ್ತುವುದಿಲ್ಲ ಎಂದು ಹೇಳಿ ಬಿಟ್ಟುಕೊಟ್ಟಳು. ಗಾಡಿಯಲ್ಲಿ ಕೂತ ಮೇಲೂ ಇವರ ಭುಜ ಸಣ್ಣಗೆ ಕುಲುಕುತ್ತಿತ್ತು. ಇವರು ನಕ್ಕದ್ದನ್ನು ನಾನು ಕೊನೆಯದಾಗಿ ಕಂಡದ್ದು ಆಗಲೇ. ಕೊನೆಯದು ಎಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೊಂದು ಸ್ಟೇಷನ್ ತನಕ ಅದೇ ಮಾತು ಬೆಳೆಸುತ್ತಿದ್ದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬರೆದದ್ದು ಇದನ್ನು ಮುಂದೂಡಲಿಕ್ಕೇ ಎಂದು ನಿಮಗೆ ಅನ್ನಿಸಿದ್ದರೆ ಅದು ನಿಜ.

ದೀಪಾವಳಿ ಕಳೆದ ಮೇಲೆ ನಮ್ಮ ಓಣಿಗೆ ಸೈಕಲ್ಲಿನ ಮೇಲೆ ಸಾಣೆ ಹಿಡಿಯುವ ಮುದುಕನೊಬ್ಬ ಬಂದ. ಈಳಿಗೆಯ ಅಲಗು ಸಾಣೆ ಹಿಡಿಸುವಾಗ, ಚಿಕ್ಕ ಚಾಕು ಇದೆಯೇ ಎಂದು ಸುಮ್ಮನೆ ಕೇಳಿದೆ. ಸೈಕಲ್ಲಿನ ಪೆಟ್ಟಿಗೆಯಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ತೆಗೆದ. ಮೂರು ಬೆರಳುದ್ದದ ಅಲಗು, ಬೀಟೆಮರದಂತೆ ಕಪ್ಪಗೆ ಹೊಳೆಯುವ ಹಿಡಿ, ಹಿತ್ತಾಳೆಯ ಮೊಳೆಗಳು, ಕೈಯಲ್ಲೇ ಹೊಲಿದ ತೊಗಲಿನ ಒರೆ. ಇಷ್ಟು ದಿನದ ರಿಜೆಕ್ಟುಗಳಿಂದ ನಾನೂ ಸ್ವಲ್ಪ ಕಲಿತಿದ್ದೆನಲ್ಲ, ಹಿಡಿಯನ್ನು ಬಾಗಿಸಿ ನೋಡಿದೆ, ಜಪ್ಪಯ್ಯ ಎನ್ನಲಿಲ್ಲ. ಅಲಗು ಹಿಡಿಯ ತುದಿಯವರೆಗೂ ಹೋಗಿರುವುದು ಪಕ್ಕದಿಂದಲೇ ಕಾಣುತ್ತಿತ್ತು. ಊದಿದ ಹೆಬ್ಬೆರಳು ಹೋಗಿ ಕೂರಲು ಬೆನ್ನಿನ ಮೇಲೆ ಸಣ್ಣ ತಗ್ಗು. ಮನೆಯಲ್ಲಿ ಒಂದು ಸೇಬಿನ ಮೇಲೆ ಇಟ್ಟೆ, ಒತ್ತುವ ಮೊದಲೇ ಒಳಗೆ ಇಳಿದಿತ್ತು.

ಪಾಸಾಗುವ ಚಾಕು. ಇವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಎಬ್ಬಿಸಿ ತೋರಿಸಬೇಕೆಂದು ಕೋಣೆಯ ಬಾಗಿಲ ತನಕ ಹೋದವಳು ನಿಂತುಬಿಟ್ಟೆ. ಇದನ್ನು ನೋಡುತ್ತಾರೆ, ಪಾಸ್ ಎನ್ನುತ್ತಾರೆ. ನಾಳೆಯಿಂದ ಏನು ಮಾತಾಡುತ್ತಾರೆ? ನಮ್ಮಿಬ್ಬರ ನಡುವೆ ಉಳಿದದ್ದು ಇದೊಂದೇ ವಿಷಯ. ಬಾಗಿಲಿಂದಲೇ ಹಿಂದಿರುಗಿ ಬಂದು ದೇವರ ಗೂಡಿನಲ್ಲಿ ನಂಜುಂಡೇಶ್ವರನ ಪಟದ ಹಿಂದೆ ಅದನ್ನು ಇಟ್ಟೆ. ಅವನನ್ನೂ ನನ್ನ ಕಳ್ಳತನಕ್ಕೆ ಸೇರಿಸಿಕೊಂಡೆ.

ಆಮೇಲೆ ಬೇಕೆಂದೇ ಕೆಟ್ಟ ಚಾಕುಗಳನ್ನು ಹುಡುಕಿ ತರತೊಡಗಿದೆ. ಒಳ್ಳೆಯದಕ್ಕಿಂತ ಕೆಟ್ಟದ್ದನ್ನು ಆರಿಸುವುದು ಕಷ್ಟ ಎಂದು ಆಗ ಗೊತ್ತಾಯಿತು. ತೀರಾ ಕೆಟ್ಟದಾಗಿದ್ದರೆ ಇವರಿಗೆ ಸಂಶಯ ಬರುತ್ತದೆ, ಒಂದೇ ಒಂದು ದೋಷ ಇರಬೇಕು, ಅದೂ ಹುಡುಕಿದರೆ ಮಾತ್ರ ಸಿಗಬೇಕು. ಮೀನಿನ ಆಕಾರದ ಹಿಡಿಯದೊಂದು ತಂದೆ. ಒರೆಯೊಳಗೆ ಲೊಟಲೊಟ ಎನ್ನುವುದೊಂದು. ಅಪ್ಪಟ ಕಬ್ಬಿಣದ್ದೊಂದು, ಅದು ತಾಗಿದ ಸೇಬು ಕಪ್ಪಾಗುತ್ತದೆ ಎಂದು ಇವರು ಮೂರು ನಿಮಿಷ ಪಾಠ ಹೇಳಿದರು. ಯಂತ್ರದ ನಾಲ್ಕು ಗಂಟೆಯಲ್ಲಿ ಮೂರು ನಿಮಿಷ. ನಿನಗೆ ಎಲ್ಲಿ ಹೋದರೂ ಟೋಪಿ ಹಾಕುತ್ತಾರಲ್ಲೇ ಎಂದು ಬೈದರು. ಹೌದು ರೀ, ಏನು ಮಾಡೋದು ಎಂದು ತಲೆ ತಗ್ಗಿಸಿದೆ. ಸಂಜೆ ದೇವರ ಮುಂದೆ ಬೆರಳು ಮಡಚಿದೆ. ಇವರಿಗೆ ಆ ಒಳ್ಳೆಯ ಚಾಕು ತೋರಿಸಲು ಇನ್ನೂ ಬೇಕಾದಷ್ಟು ದಿನ ಇದೆ ಎಂದುಕೊಂಡಿದ್ದೆ.

ಚಳಿ ಬಿತ್ತು. ಒಂದು ಬೆಳಿಗ್ಗೆ ಇವರಿಗೆ ಉಸಿರು ಹಿಡಿಯಿತು. ಎದೆಯಲ್ಲಿ ನೀರು ತುಂಬಿದೆ ಎಂದು ಒಳಗೆ ಸೇರಿಸಿಕೊಂಡು ಒಂಬತ್ತು ದಿನ ಇಟ್ಟುಕೊಂಡರು. ಒಂಬತ್ತನೇ ದಿನ ಮನೆಗೆ ಬಂದದ್ದು ಇವರೇ, ಆದರೆ ಏನೋ ಒಂದನ್ನು ಅಲ್ಲೇ ಬಿಟ್ಟು ಬಂದಿದ್ದರು. ಮೆಟ್ರೊ ಹತ್ತಲು ಈಗ ಆಗುವುದಿಲ್ಲ. ವೀಣಾ ಬೆಳಿಗ್ಗೆ ಟ್ಯಾಕ್ಸಿ ಗೊತ್ತು ಮಾಡಿ ಕಳಿಸುತ್ತಾಳೆ. ಇವರು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ. ಮಂಜಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಆದರೂ ಅತ್ತಲೇ.

ನಾನು ದಿಗಿಲು ಬಿದ್ದು ಒಂದು ಉಪಾಯ ಮಾಡಿದೆ. ಹುಟ್ಟುಹಬ್ಬದ ಕೇಕಿನ ಡಬ್ಬದಲ್ಲಿ ಪುಕ್ಕಟೆ ಕೊಡುವ ಬಿಳಿ ಪ್ಲಾಸ್ಟಿಕ್ ಚಾಕು ಇರುತ್ತದಲ್ಲ, ಅದೊಂದನ್ನು ಒಯ್ದೆ. ಯಂತ್ರ ಶುರುವಾದ ಮೇಲೆ ಅದನ್ನು ಹಾಸಿಗೆಯ ಮೇಲೆ ಇವರ ಕೈಯ ಪಕ್ಕಕ್ಕೆ ಇಟ್ಟು, ರೀ, ಹೊಸದು ತಂದೆ, ಬಹಳ ಗಟ್ಟಿಯಂತೆ ನೋಡಿ ಎಂದೆ. ಬೈಯಲಿ, ಪಕ್ಕದ ಹಾಸಿಗೆಯವರಿಗೆ ಕೇಳುವ ಹಾಗೆ ಬೈಯಲಿ, ನನ್ನ ವಂಶವನ್ನೆಲ್ಲ ಎತ್ತಿ ಆಡಲಿ ಎಂದು ಕಾದೆ. ಇವರು ಕಣ್ಣು ಹೊರಳಿಸಿ ಅದನ್ನು ನೋಡಿದರು. ನೋಡಿದ್ದಂತೂ ನಿಜ.

"ಚೆನ್ನಾಗಿದೆ. ಇರಲಿ," ಎಂದರು.

ಅವತ್ತು ಸಂಜೆ ನಾನು ದೀಪ ಹಚ್ಚಿದೆ, ಬೆರಳು ಮಡಚಲಿಲ್ಲ. ಪಟದ ಹಿಂದಿನಿಂದ ಸಾಣೆಯ ಮುದುಕನ ಚಾಕುವನ್ನು ತೆಗೆದೆ. ಒರೆಯ ಮೇಲೆ ಊದುಬತ್ತಿಯ ಬೂದಿ ಬಿದ್ದಿತ್ತು. ಇಂಥದೊಂದನ್ನು ಕೈಯಲ್ಲಿ ಹಿಡಿದು, ಉಗುರಿನ ಮೇಲೆ ಅಲಗು ಇಟ್ಟು ಪರೀಕ್ಷಿಸಿ, ಯಾರು ಮಾಡಿದ್ದು ಇದು ಎಂದು ಕೇಳಬಲ್ಲ ಮನುಷ್ಯ ಇದೇ ಮನೆಯಲ್ಲಿ, ಇದೇ ಗೋಡೆಯ ಆಚೆ ಎರಡು ತಿಂಗಳು ಮಲಗಿದ್ದರು. ಒಳ್ಳೆಯ ಸಾಮಾನು ಕಂಡರೆ ಇವರ ಮುಖ ಹೇಗೆ ಬೆಳಗುತ್ತಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನನಗೆ ಮಾತು ಬೇಕಿತ್ತು, ಆ ಆಸೆಗೆ ಇವರ ಸಂತೋಷವನ್ನು ಮುಚ್ಚಿಟ್ಟೆ.

ಮರುದಿನವಲ್ಲ, ಅದರ ಮರುದಿನ ಅದನ್ನು ಒಯ್ದೆ. ಒರೆಯಿಂದ ತೆಗೆದು ಹಾಸಿಗೆಯ ಮೇಲೆ ಇಟ್ಟೆ. ಇವರು ಎತ್ತಿಕೊಳ್ಳಲಿಲ್ಲ. ಬೆಳಕಿಗೆ ಹಿಡಿದು ತೋರಿಸಿದೆ. "ಚೆನ್ನಾಗಿದೆ," ಎಂದರು, ಪ್ಲಾಸ್ಟಿಕ್ಕಿಗೆ ಹೇಳಿದ ಅದೇ ದನಿಯಲ್ಲಿ.

ಹಾಗಾದರೆ ನಾನೇ ತಪಾಸಣೆ ಮಾಡುತ್ತೇನೆ ನೋಡಿ ಎಂದೆ. ಇವರು ಮಾಡುತ್ತಿದ್ದ ಹಾಗೆ ತಿರುಗಿಸಿದೆ. ಅಲಗು ಮೂರು ಬೆರಳು, ಸರಿ. ಬೆನ್ನು ನೆಟ್ಟಗಿದೆ, ಸರಿ. ಹಿಡಿ ಬಾಗುವುದಿಲ್ಲ, ಸರಿ. ಒರೆಯ ಹೊಲಿಗೆ ಬಿಗಿ, ಸರಿ. ನರ್ಸಮ್ಮ ನನ್ನನ್ನು ವಿಚಿತ್ರವಾಗಿ ನೋಡಿಕೊಂಡು ಹೋದಳು. ಕೊನೆಗೆ ಹಿಡಿಯನ್ನು ಇವರ ಕಣ್ಣಿಗೆ ಕಾಣುವಷ್ಟು ಹತ್ತಿರ ಹಿಡಿದು, ಹಿತ್ತಾಳೆ ಮೊಳೆ ಮೂರು, ಸರಿ ಎಂದೆ.

ಮೊಳೆ ಎರಡೇ ಇದ್ದವು.

ಇವರ ಕಣ್ಣು ಮೊಳೆಗಳ ಮೇಲೇ ಇತ್ತು. ಎಷ್ಟು ಹೇಳಿದೆ ರೀ, ಮೂರಲ್ಲವೇ ಎಂದು ಇನ್ನೊಂದು ಸಲ ಕೇಳಿದೆ.

"ಹೂಂ," ಎಂದರು. "ಮೂರು."